ಸ್ಟಾರ್ಟ್ ಆಗದ ಬೈಕು, ಕದಲದ ದಾಸ್ತಾನು

ಎಣ್ಣೆ ಗಿರಣಿಗಳ ಚಳ್ಳಕೆರೆ, ರೇಷ್ಮೆ ಸೀರೆಯ ಮೊಳಕಾಲ್ಮುರು ಎರಡೂ ತಾಲ್ಲೂಕುಗಳಲ್ಲಿ ವ್ಯಾಪಾರ ನಡೆಯುವುದು ಬಹುಮಟ್ಟಿಗೆ ದ್ವಿಚಕ್ರ ವಾಹನದ ಮೇಲೆ. ಶೇಂಗಾ ಹೊಲದ ಮಣ್ಣುದಾರಿಯಲ್ಲಿ ಸಾಮಾನ್ಯ ಬೈಕೇ ಡರ್ಟ್ ಬೈಕಿನ ಕೆಲಸ ಮಾಡುತ್ತದೆ. ಅದು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಆ ದಿನದ ವಹಿವಾಟೇ ನಿಂತಂತೆ.

ನಾಲ್ಕು ಸ್ಟ್ರೋಕಿನ ಎಂಜಿನ್ ಚಾಲೂ ಆಗಲು ಮುಖ್ಯವಾಗಿ ಎರಡು ಅಡ್ಡಿಗಳುಂಟು. ಒಂದು, ಸಿಲಿಂಡರಿನೊಳಗಿನ ಒತ್ತಡ. ಇನ್ನೊಂದು, ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದಿರುವುದು. ಮೊದಲನೆಯದಕ್ಕೆ ಪರಿಹಾರ ಡಿಕಂಪ್ರೆಷನ್ ಲಿವರ್. ಅದು ಎಕ್ಸಾಸ್ಟ್ ವಾಲ್ವನ್ನು ಕೊಂಚ ಎತ್ತಿ ಒತ್ತಡವನ್ನು ಇಳಿಸುತ್ತದೆ. ಹಳೆಯ ಬುಲೆಟ್ ಸವಾರರಿಗೆ ಇದು ಚಿರಪರಿಚಿತ. 1998ರ ಯಮಾಹಾ ವೈಝಡ್400ಎಫ್ ಡರ್ಟ್ ಬೈಕಿನಲ್ಲಿಯೂ ಇಂಥದೇ ಲಿವರ್ ಇತ್ತು. ಮುಂದೆ ಕ್ಯಾಮ್‌ಶಾಫ್ಟಿಗೇ ಜೋಡಿಸಿದ ಸ್ವಯಂಚಾಲಿತ ವ್ಯವಸ್ಥೆ ಬಂದು, ಆ ಕೆಲಸ ಸವಾರನ ಕೈತಪ್ಪಿತು. ಎರಡನೆಯ ಅಡ್ಡಿಗೆ ಚೋಕ್. ಅದು ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತದೆ. ಆದರೆ ನಮ್ಮ ಸೀಮೆಯ ಧೂಳಿನಿಂದ ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಮಿಶ್ರಣದಲ್ಲಿ ಪೆಟ್ರೋಲು ಮೊದಲೇ ಹೆಚ್ಚಾಗಿರುತ್ತದೆ. ಆಗ ಚೋಕ್ ಎಳೆದರೆ ಪ್ಲಗ್ ನೆನೆದು ಕೂರುತ್ತದೆ. ಕಿಕ್ ಒದ್ದು ದಣಿಯುವ ಮೊದಲು ಫಿಲ್ಟರ್ ನೋಡುವುದು ಲೇಸು.

2020ರ ಏಪ್ರಿಲ್ 1ರಂದು ಬಿಎಸ್–6 ಮಾನದಂಡ ಜಾರಿಗೆ ಬಂದಾಗ ಹೊಸ ಬೈಕುಗಳಲ್ಲಿ ಬಹುತೇಕ ಕಾರ್ಬುರೇಟರಿನ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದಿತು. ಎಂಜಿನ್‌ನ ತಾಪ ಗ್ರಹಿಸುವ ಸೆನ್ಸರ್ ಆಧರಿಸಿ ಮಿಶ್ರಣವು ತಾನೇ ಹೊಂದಿಕೊಳ್ಳುವುದರಿಂದ ಚೋಕ್ ಬೇಕಿಲ್ಲ. ಆದರೆ ಪೆಟ್ರೋಲ್ ಪಂಪು ಬ್ಯಾಟರಿಯನ್ನು ನೆಚ್ಚಿಕೊಂಡಿರುವುದರಿಂದ, ಬ್ಯಾಟರಿಯ ಆರೈಕೆ ಮೊದಲಿಗಿಂತ ಮುಖ್ಯವಾಗಿದೆ.

ಬಿಡಿಭಾಗಗಳ ವರ್ತಕರಿಗೆ ಇಲ್ಲೊಂದು ಲೆಕ್ಕವಿದೆ. ಹಳೆಯ ಬೈಕುಗಳು ಇನ್ನೂ ಓಡುತ್ತಿರುವುದರಿಂದ ಚೋಕ್ ಕೇಬಲ್, ಕಾರ್ಬುರೇಟರ್ ಕಿಟ್‌ಗಳಿಗೆ ಬೇಡಿಕೆಯುಂಟು. ಆದರೆ ಅದು ಇಳಿಯುವ ಬೇಡಿಕೆ. ವರ್ಷಾಂತ್ಯದಲ್ಲಿ ಇಂಥ ಸರಕನ್ನು ಖರೀದಿ ಬೆಲೆಗೇ ಬರೆದುಕೊಂಡರೆ ಲಾಭವು ಕಾಗದದ ಮೇಲಷ್ಟೇ ಉಳಿಯುತ್ತದೆ. ಖರೀದಿ ವೆಚ್ಚ ಅಥವಾ ಮಾರಾಟದಿಂದ ನಿವ್ವಳವಾಗಿ ದೊರೆಯಬಹುದಾದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ದಾಸ್ತಾನಿನ ಮೌಲ್ಯ ಎಂಬುದು ಲೆಕ್ಕಶಾಸ್ತ್ರದ ನಿಯಮ. ಸರಕನ್ನು ಪೂರ್ತಿಯಾಗಿ ಲೆಕ್ಕದಿಂದ ತೆಗೆದುಹಾಕಿದಲ್ಲಿ, ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 17(5)ರಂತೆ ಅದರ ಮೇಲೆ ಪಡೆದ ಹೂಡುವಳಿ ತೆರಿಗೆಯ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ. ಕಡಿಮೆ ಬೆಲೆಗಾದರೂ ಬಿಲ್ಲಿನ ಮೇಲೆ ಮಾರಿದಲ್ಲಿ ಈ ನಷ್ಟ ತಪ್ಪುತ್ತದೆ.

ಆದ್ದರಿಂದ ಕಪಾಟಿನ ಸರಕನ್ನು ಓಡುವುದು, ನಿಧಾನವಾದುದು, ಕದಲದುದು ಎಂದು ಮೂರಾಗಿ ವಿಂಗಡಿಸಿ, ಮೂರನೆಯದನ್ನು ಊರೂರಿನ ಮೆಕ್ಯಾನಿಕ್‌ಗಳಿಗೆ ರಿಯಾಯಿತಿಯಲ್ಲಿ ಮಾರುವುದು ಉಚಿತ. ಹಾಗೆ ಬಂದ ಹಣ ಬ್ಯಾಟರಿ, ಸೆನ್ಸರ್, ಪೆಟ್ರೋಲ್ ಫಿಲ್ಟರುಗಳಲ್ಲಿ ತೊಡಗಲಿ. ಬೈಕಿನಂತೆಯೇ ಬಂಡವಾಳವೂ, ನಿಂತಲ್ಲೇ ನಿಂತರೆ ಮತ್ತೆ ಚಾಲೂ ಮಾಡುವುದು ಕಷ್ಟ.