ಹಳೆಯ ಗಣಕಕ್ಕೆ ಹೊಸ ಪರದೆ

ಶಾಲಾ ಮಕ್ಕಳಿಗೆ ಗಣಕಜ್ಞಾನ ನೀಡಲು 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯ ಮೂಲಕ ಭಾರತದ ಆಯ್ದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಗಣಕವು ಅಂದಿನ ಟಿವಿಯ ಲೆಕ್ಕಾಚಾರಕ್ಕೆ ಹೊಂದುವಂತೆ ರೂಪುಗೊಂಡಿತ್ತು. ಅದು ಸೆಕೆಂಡಿಗೆ 15,625 ಗೆರೆಗಳಂತೆ ಚಿತ್ರವನ್ನು ಕಳುಹಿಸುತ್ತದೆ. ಆದರೆ ವಿಜಿಎ ಮಾನಿಟರುಗಳು ಕನಿಷ್ಠ ಸುಮಾರು 31,500 ಗೆರೆಗಳನ್ನು ನಿರೀಕ್ಷಿಸುವುದರಿಂದ, ತಂತಿಯನ್ನು ಹೇಗೋ ಸಿಕ್ಕಿಸಿದರೂ ಹೆಚ್ಚಿನವುಗಳಲ್ಲಿ ಚಿತ್ರ ಮೂಡುವುದಿಲ್ಲ.

ಯಂತ್ರದ ಹಿಂಬದಿಯಲ್ಲಿ ಮೂರು ದಾರಿಗಳಿವೆ. ಆಂಟೆನಾ ದಾರಿಯ ಚಿತ್ರ ಮಸುಕು. ಎಲ್ಲ ಸಂಕೇತಗಳನ್ನೂ ಒಂದೇ ತಂತಿಯಲ್ಲಿ ಸಾಗಿಸುವ ಕಾಂಪೋಸಿಟ್ ದಾರಿಯು, ಒಳಗಿನ ಎಸ್39 ಎಂಬ ಕೊಂಡಿಯನ್ನು ಬೆಸೆಯದಿದ್ದರೆ, ಕಪ್ಪುಬಿಳುಪು ಚಿತ್ರವನ್ನಷ್ಟೇ ಕೊಡುತ್ತದೆ. ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆ ತಂತಿಗಳಲ್ಲಿ ಒಯ್ಯುವ ಆರು ಪಿನ್ನುಗಳ ಆರ್‌ಜಿಬಿ ದಾರಿಯೇ ನಿಸ್ಸಂದೇಹವಾಗಿ ಉತ್ತಮ. ಅದರಿಂದ ಬರುವ ಸಂಕೇತವನ್ನು ಎಚ್‌ಡಿಎಂಐಗೆ ಬದಲಿಸುವ ಪರಿವರ್ತಕವೊಂದನ್ನು ನಡುವೆ ಇಟ್ಟರೆ ಅಕ್ಷರಗಳ ಅಂಚು ಸ್ಪಷ್ಟವಾಗುತ್ತದೆ. ಅಗ್ಗದ ಪರಿವರ್ತಕಗಳು ಚಿತ್ರವನ್ನು ತಡವಾಗಿ ತೋರಿಸುವುದುಂಟು, ಇದು ಪಾಠಕ್ಕೆ ಅಡ್ಡಿಯಲ್ಲದಿದ್ದರೂ ಆಟಕ್ಕೆ ಅಡ್ಡಿಯೇ.

ಪರದೆಗಿಂತ ಮೊದಲು ಗಮನಿಸಬೇಕಾದುದು ವಿದ್ಯುತ್ ಘಟಕ: ಅದರೊಳಗಿನ ಹಳೆಯ ಕಾಗದದ ಕೆಪಾಸಿಟರುಗಳ ಹೊದಿಕೆ ಬಿರುಕುಬಿಟ್ಟು ತೇವ ಹೀರಿಕೊಳ್ಳುವುದರಿಂದ, ಬಂಟ್ವಾಳದಂತಹ ಮಳೆನಾಡಿನಲ್ಲಿ ವರ್ಷಗಟ್ಟಲೆ ಕಪಾಟಿನಲ್ಲಿದ್ದ ಯಂತ್ರಕ್ಕೆ ಅವುಗಳನ್ನು ಬದಲಿಸದೆ ಸ್ವಿಚ್ ಹಾಕಿದರೆ ಚಿತ್ರಕ್ಕಿಂತ ಮುಂಚೆ ಹೊಗೆ ಕಾಣಿಸಬಹುದು.