ಕೆಂಪು ದಾರ, ಉಳವಿಯ ದಾರಿ

ಮುಂಡಗೋಡದಲ್ಲಿ ಕರೆಂಟು ಹೋಗಿ ಅರ್ಧ ತಾಸಾಗಿತ್ತು. ಭರತ ಹುಣ್ಣಿಮೆಗೆ ಇನ್ನು ಮೂರು ದಿನ. ಹಿತ್ತಲ ಹಲಸಿನ ಮರದ ನೆತ್ತಿಗೆ ಚಂದ್ರ ಬಂದಿದ್ದ. ಪಡಸಾಲೆಯ ಕತ್ತಲಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಅಣ್ಣನ ಮಗಳ ಮುಖವೊಂದೇ ಕಾಣುತ್ತಿತ್ತು, ಮೊಬೈಲಿನ ಬೆಳಕಿಗೆ ಒಮ್ಮೆ ನೀಲಿ, ಒಮ್ಮೆ ಕೆಂಪು. ಅವಳ ಪಕ್ಕದಲ್ಲಿ ಅವ್ವ, ಎಲೆ ಅಡಿಕೆಯ ಚೀಲ ತೊಡೆಯ ಮೇಲಿಟ್ಟುಕೊಂಡು, ಅರ್ಥವಾಗದ ಭಾಷೆಯ ಚಿತ್ರವನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ನಾನೂ ಹೋಗಿ ಕುಳಿತೆ. ಪರದೆಯ ಮೇಲೊಬ್ಬಳು ಹುಡುಗಿ. ಸೊಂಟಕ್ಕಿಳಿದ ಕಪ್ಪು ಕೂದಲು, ಕೆಂಪು ಕಣ್ಣು, ಮುಖದಲ್ಲಿ ನಗುವೂ ಇಲ್ಲ ಅಳುವೂ ಇಲ್ಲ. ಎದುರಿಗೆ ಅಳುತ್ತ ನಿಂತವಳ ಕೈಗೆ ಅವಳು ಹುಲ್ಲಿನ ಗೊಂಬೆಯೊಂದನ್ನು ಕೊಡುತ್ತಾಳೆ. ಕಪ್ಪು ಗೊಂಬೆ, ಅದರ ಕುತ್ತಿಗೆಗೆ ಕೆಂಪು ದಾರದ ಗಂಟು.

‘ಜಿಗೊಕು ಶೋಜೊ’ ಅಂದರೆ ನರಕದ ಹುಡುಗಿ. 2005ರ ಅಕ್ಟೋಬರಿನಲ್ಲಿ ಜಪಾನಿನ ಟಿವಿಯಲ್ಲಿ ಶುರುವಾದ 26 ಕಂತುಗಳ ಅನಿಮೆ. ತಯಾರಿಸಿದ್ದು ಸ್ಟುಡಿಯೋ ಡೀನ್, ನಿರ್ದೇಶಕ ತಕಾಹಿರೊ ಓಮೊರಿ. ಸೇಡು ತೀರಿಸಿಕೊಳ್ಳಬೇಕೆಂದು ಒಳಗೇ ಬೇಯುತ್ತಿರುವವರಿಗೆ ನಡುರಾತ್ರಿ ಹನ್ನೆರಡಕ್ಕೆ ಮಾತ್ರ ತೆರೆಯುವ, ಇಂಟರ್ನೆಟ್ಟಿನ ಒಂದು ಕಿಂಡಿ ಇದೆ. ಅದರಲ್ಲಿ ವೈರಿಯ ಹೆಸರು ಬರೆದರೆ ಈ ಹುಡುಗಿ, ಎನ್ಮಾ ಐ, ಬಂದು ಗೊಂಬೆ ಕೊಡುತ್ತಾಳೆ. ದಾರ ಬಿಚ್ಚಿದ ಕ್ಷಣವೇ ವೈರಿ ನರಕಕ್ಕೆ. ಆದರೆ ಅವಳು ಮೊದಲೇ ಕರಾರು ಹೇಳಿಬಿಡುತ್ತಾಳೆ: ದಾರ ಎಳೆದವರಿಗೂ ಸತ್ತ ಮೇಲೆ ಅದೇ ನರಕ. ಎಳೆದವರ ಎದೆಯ ಮೇಲೆ ಕಪ್ಪು ಗುರುತೊಂದು ಮೂಡುತ್ತದೆ. ಇನ್ನುಳಿದ ಆಯುಷ್ಯವನ್ನೆಲ್ಲ ಅದನ್ನು ಅಂಗಿಯ ಕೆಳಗೆ ಇಟ್ಟುಕೊಂಡೇ ಬದುಕಬೇಕು.

ಜಪಾನಿಗರಿಗೆ ಹುಲ್ಲಿನ ಗೊಂಬೆ ಹೊಸದಲ್ಲ. ನಡುರಾತ್ರಿ ಕಳೆದ ಮೇಲೆ ದೇವಸ್ಥಾನದ ಮರಕ್ಕೆ ಅಂಥ ಗೊಂಬೆಯನ್ನಿಟ್ಟು ಮೊಳೆ ಹೊಡೆದು ವೈರಿಯನ್ನು ಶಪಿಸುವ ಹಳೆಯ ಆಚರಣೆ ಅಲ್ಲಿದೆ. ಒಬ್ಬರನ್ನು ಶಪಿಸಿದರೆ ಎರಡು ಕುಣಿ ಎಂಬ ಗಾದೆಯೂ ಅವರಲ್ಲಿದೆ.

“ಏನಂತಾಳ ಆ ಹುಡುಗಿ?” ಅವ್ವ ಕೇಳಿದಳು. ಮೊಮ್ಮಗಳು ಹೇಳಿದಳು. ಅವ್ವ ಸ್ವಲ್ಪ ಹೊತ್ತು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, “ನೆಟಿಗಿ ಮುರದು ಮಣ್ಣು ತೂರಿದಂಗ ಅನ್ನು” ಎಂದಳು.

“ಕಾಕಾ, ನೀ ಆಗಿದ್ರ ದಾರ ಎಳೀತಿದ್ದೇನು?”

ಮನಸ್ಸಿಗೆ ಒಂದು ಹೆಸರು ಬಂತು. ಮೂವತ್ತು ವರ್ಷದ ಹಿಂದೆ ನಮ್ಮ ಹೊಲದ ಬದುವನ್ನು ಒಂದೇ ರಾತ್ರಿಯಲ್ಲಿ ನಾಲ್ಕು ಮಾರು ಈಚೆಗೆ ಸರಿಸಿ, ಬೆಳಗಾದ ಮೇಲೆ ಅಪ್ಪನನ್ನೇ ಸುಳ್ಳ ಎಂದವನ ಹೆಸರು. ಅಪ್ಪ ಆ ನಾಲ್ಕು ಮಾರಿಗಾಗಿ ಕೋರ್ಟು ಕಚೇರಿ ಅಲೆದು ಸವೆದುಹೋದ. ಮಗುವಿಗೆ ಸುಳ್ಳು ಹೇಳಲಾಗಲಿಲ್ಲ. “ಎಳೀತಿದ್ದೆ” ಅಂದೆ. ಅವ್ವ ನನ್ನ ಕಡೆ ತಿರುಗಿ ನೋಡಿದಳು. ಏನೂ ಅನ್ನಲಿಲ್ಲ.

ಎನ್ಮಾ ಎಂಬ ಹೆಸರು ರಾತ್ರಿಯೆಲ್ಲ ಕಿವಿಯಲ್ಲಿತ್ತು. ಅದು ನಮ್ಮ ಯಮನೇ. ಬೌದ್ಧರ ಜೊತೆ ಚೀನಾ ದಾಟಿ ಜಪಾನಿಗೆ ಹೋದ ಯಮ ಅಲ್ಲಿ ಎನ್ಮಾ ಆಗಿದ್ದಾನೆ. ಇನ್ನೊಂದು ದಾರಿಯಲ್ಲಿ ಹಿಮಾಲಯ ಹತ್ತಿದ ಯಮ ಟಿಬೆಟಿನವನಾಗಿ ಶತಮಾನಗಟ್ಟಲೆ ಅಲ್ಲಿದ್ದು, ನಿರಾಶ್ರಿತರ ಜೊತೆಗೆ ಕೆಳಗಿಳಿದು ನಮ್ಮೂರ ಪಕ್ಕದಲ್ಲೇ ಬಂದು ಕುಳಿತಿದ್ದಾನೆ. ಬೆಳಿಗ್ಗೆ ಹುಡುಗಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಲಾಮಾ ಕ್ಯಾಂಪಿಗೆ ಹೋದೆ.

1966ರಲ್ಲಿ ಇಲ್ಲಿ ಟಿಬೇಟಿಯನ್ನರ ವಸತಿ ಶುರುವಾದಾಗ ಇದೆಲ್ಲ ಕಾಡು. 1959ರಲ್ಲಿ ನಾಡು ಬಿಟ್ಟು, ಬಂಗಾಳದ ಬಕ್ಸಾದಲ್ಲಿ ವರ್ಷಗಟ್ಟಲೆ ಶೆಕೆಗೂ ಕ್ಷಯಕ್ಕೂ ಸಾಥಿಗಳನ್ನು ಕಳೆದುಕೊಂಡು ಉಳಿದ ಗಾಂದೆನ್, ದ್ರೆಪುಂಗ್ ಮಠಗಳ ಭಿಕ್ಷುಗಳು ಆಮೇಲೆ ಇಲ್ಲಿಗೆ ಬಂದು ಗೋವಿನಜೋಳ ಬಿತ್ತಿದರು. ಈಗ ಗದ್ದೆಗಳ ನಡುವೆ ಹೊಂಬಣ್ಣದ ಚಾವಣಿ, ಮಾವಿನ ಮರದಿಂದ ಮರಕ್ಕೆ ಕಟ್ಟಿದ ಐದು ಬಣ್ಣದ ಬಾವುಟಗಳ ಮಾಲೆ, ಸುಟ್ಟ ದೇವದಾರು ಸೊಪ್ಪಿನ ಹೊಗೆ. ಚಹಾದಂಗಡಿಯಲ್ಲಿ ಕೆಂಪು ವಸ್ತ್ರದ ಹುಡುಗನೊಬ್ಬ ಧಾರವಾಡದ ಕಡೆಯ ಕನ್ನಡದಲ್ಲೇ ಚಿಲ್ಲರೆ ಕೇಳುತ್ತಿದ್ದ. ಅಂಗಳದಲ್ಲಿ ವಾದ ನಡೆದಿತ್ತು. ಕುಳಿತವನಿಗೆ ನಿಂತವನು ಪ್ರಶ್ನೆ ಹಾಕಿ, ಎಡಗಾಲು ಎತ್ತಿ ನೆಲಕ್ಕೆ ಕುಟ್ಟಿ, ಎರಡೂ ಕೈ ಸೇರಿಸಿ ಚಟ್ಟನೆ ಬಡಿಯುತ್ತಾನೆ. ನೂರಾರು ಜೋಡಿ. ದೂರದಿಂದ ಕೇಳಿದರೆ ಕಣದಲ್ಲಿ ತೊಗರಿ ಬಡಿದ ಹಾಗೆ.

ಮಂದಿರದ ಮುಂಗೋಡೆಯ ಮೇಲೆ ಭವಚಕ್ರ. ಕೋರೆಹಲ್ಲಿನ ಯಮ ಇಡೀ ಚಕ್ರವನ್ನು ಕೈಕಾಲುಗಳಲ್ಲಿ ತಬ್ಬಿ, ಮೇಲಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಾನೆ. ದೇವತೆಗಳಿಂದ ನರಕದವರೆಗೆ ಆರು ಲೋಕ. ಕೆಳಗಿನ ಭಾಗದಲ್ಲಿ ಬೆಂಕಿಯ ನರಕವೂ ಇದೆ, ಹಿಮದ ನರಕವೂ ಇದೆ. ಹುಡುಗಿ ಅದನ್ನೇ ಬಹಳ ಹೊತ್ತು ನೋಡಿದಳು. ನನ್ನ ಕಣ್ಣು ನಟ್ಟದ್ದು ನಡುವಿನ ಸಣ್ಣ ವರ್ತುಲದಲ್ಲಿ. ಅಲ್ಲಿ ಒಂದು ಹುಂಜ, ಒಂದು ಹಾವು, ಒಂದು ಹಂದಿ, ಒಂದರ ಬಾಲ ಒಂದು ಕಚ್ಚಿ ಸುತ್ತುತ್ತಿವೆ. ಆಸೆ, ದ್ವೇಷ, ಅಜ್ಞಾನ. ದ್ವೇಷ ಹಾವು, ಹಸಿರು ಹಾವು. ಹೊರಗಿನ ಅಷ್ಟೂ ಲೋಕಗಳನ್ನು ತಿರುಗಿಸುವ ಅಚ್ಚು ಈ ಮೂರು ಪ್ರಾಣಿಗಳೇ.

ಒಳಗೆ ಕೋಣನ ತಲೆಯ ದೇವತೆಯ ಚಿತ್ರವಿತ್ತು. ಧರ್ಮರಾಜ, ಈ ಮಠಗಳ ಪಂಥದ ಕಾವಲುಗಾರ. ಅವನದೊಂದು ಕತೆಯಿದೆ. ಗವಿಯೊಂದರಲ್ಲಿ ತಪಸ್ವಿಯೊಬ್ಬ ಐವತ್ತು ವರ್ಷದ ಧ್ಯಾನದ ಕೊನೆಯ ಗಳಿಗೆಯಲ್ಲಿದ್ದಾನೆ. ಇನ್ನೊಂದಿಷ್ಟು ಹೊತ್ತು ಕಳೆದರೆ ಬಿಡುಗಡೆ. ಅಷ್ಟರಲ್ಲಿ ಕಳ್ಳರು ಕದ್ದ ಕೋಣನ ಜೊತೆ ಗವಿಗೆ ನುಗ್ಗುತ್ತಾರೆ. ಕೋಣನ ತಲೆ ಕಡಿಯುತ್ತಾರೆ. ನೋಡಿದವನು ಬದುಕಬಾರದೆಂದು, ಸ್ವಲ್ಪ ತಡೆಯಿರಿ ಎಂದು ಬೇಡಿಕೊಂಡರೂ ಕೇಳದೆ, ಅವನ ತಲೆಯನ್ನೂ ಕಡಿಯುತ್ತಾರೆ. ಆಗ ಅವನಿಗೆ ಬಂದ ಸಿಟ್ಟು ಎಂಥದೆಂದರೆ, ತಲೆಯಿಲ್ಲದ ಮುಂಡ ಎದ್ದು ತಡಕಾಡಿ ಕೋಣನ ತಲೆಯನ್ನೇ ಎತ್ತಿ ಕುತ್ತಿಗೆಗೆ ಇಟ್ಟುಕೊಳ್ಳುತ್ತದೆ. ಕಳ್ಳರನ್ನು ಕೊಂದು ಅವರ ಬುರುಡೆಯಲ್ಲೇ ರಕ್ತ ಕುಡಿಯುತ್ತದೆ. ಅಲ್ಲಿಗೆ ಲೆಕ್ಕ ತೀರಬೇಕಿತ್ತು. ತೀರುವುದಿಲ್ಲ. ಅವನು ಎದುರು ಸಿಕ್ಕವರನ್ನೆಲ್ಲ ಕೊಲ್ಲುತ್ತ ಹೋಗುತ್ತಾನೆ. ಕೊನೆಗೆ ಮಂಜುಶ್ರೀ ಅವನಿಗಿಂತಲೂ ಘೋರವಾದ ರೂಪ ತಾಳಿ ಬಂದು ಅವನನ್ನು ಹಿಡಿದು, ಕೊಲ್ಲದೆ, ಕಾವಲಿಗೆ ನಿಲ್ಲಿಸುತ್ತಾನೆ.

ನನ್ನನ್ನು ಕಾಡುವುದು ಆ ಐವತ್ತು ವರ್ಷ. ಕಳ್ಳರು ತೆಗೆದದ್ದು ತಲೆಯನ್ನಷ್ಟೇ. ಬಿಡುಗಡೆಯನ್ನು ಅವನ ಸಿಟ್ಟೇ ತೆಗೆಯಿತು.

ಇದು ಬರೀ ಗೋಡೆಯ ಮೇಲಿನ ಕತೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಾಮ್‌ಗ್ಯಾಲ್ ಮಠದ ಲೋಪೊನ್-ಲಾ ಎಂಬ ಭಿಕ್ಷುವಿನ ವಿಷಯವನ್ನು ದಲೈ ಲಾಮಾ ಅನೇಕ ಸಲ ಹೇಳಿದ್ದಾರೆ. ಹದಿನೆಂಟು ವರ್ಷ ಚೀನೀ ಸೆರೆಯಲ್ಲಿದ್ದು ಭಾರತಕ್ಕೆ ಬಂದವರು. ಅಲ್ಲಿ ನನಗೊಂದು ಅಪಾಯ ಎದುರಾಗಿತ್ತು ಎಂದರಂತೆ. ಯಾವ ಅಪಾಯವೆಂದು ಕೇಳಿದರೆ, ಚೀನೀಯರ ಮೇಲಿನ ಕರುಣೆಯನ್ನು ಕಳೆದುಕೊಳ್ಳುವ ಅಪಾಯ ಎಂದರಂತೆ. ಅಂಗಳದಲ್ಲಿ ಬಿಸಿಲಿಗೆ ಮಣಿ ಎಣಿಸುತ್ತ ಕುಳಿತಿದ್ದ ಮುದುಕ ಭಿಕ್ಷುಗಳನ್ನು ದಾಟಿ ಬರುವಾಗ ನಾನು ಅವರ ಮುಖ ನೋಡಲಿಲ್ಲ. ಹಿಂದಿನ ರಾತ್ರಿ ಹೇಳಿದ ‘ಎಳೀತಿದ್ದೆ’ ನಾಲಿಗೆಯ ಮೇಲೇ ಇತ್ತು.

ಊರಿಗೆ ತಿರುಗಿ ಬರುವಾಗ ಹುಡುಗಿ ಹಿಂದಿನಿಂದ ಕೇಳಿದಳು. “ಕೋಣ ಅಂದ್ರ ನಮ್ಮ ಮಾರೀದೂ ಅಲ್ಲೇನು?”

ಹೌದು. ಮಲೆನಾಡಿನ ಊರೂರಲ್ಲಿ ಹೇಳುವ ಕತೆ. ದಲಿತರ ಹುಡುಗನೊಬ್ಬ ಹುಟ್ಟು ಮುಚ್ಚಿಟ್ಟು ವೇದ ಕಲಿತು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ಮಕ್ಕಳಾದ ಮೇಲೆ ಗುಟ್ಟು ಒಡೆಯುತ್ತದೆ. ಉರಿದೆದ್ದ ಅವಳು ಮಾರಿಯಾಗುತ್ತಾಳೆ. ಅವನು ಓಡಿ ಕೋಣನೊಳಗೆ ಅಡಗುತ್ತಾನೆ, ಅವಳು ಕೋಣನನ್ನೇ ಕಡಿಯುತ್ತಾಳೆ. ಮಕ್ಕಳು ಆಡು ಕುರಿಗಳಾಗಿ ಬಲಿಯಾಗುತ್ತಾರೆ. ಜಾತ್ರೆಯ ಕೊನೆಗೆ ಶಿರಸಿಯಲ್ಲಿ ದೇವಿ ಕುಳಿತ ಚಪ್ಪರಕ್ಕೆ ಬೆಂಕಿ ಕೊಡುತ್ತಾರೆ. ಸೇಡು ತೀರಿಸಿಕೊಂಡವಳೂ ಉರಿದು ಹೋದಳೆಂಬ ನೆನಪು ಆ ಬೆಂಕಿಯಲ್ಲಿದೆ. ಮತ್ತೆ ಎರಡು ವರ್ಷಕ್ಕೆ ಅದೇ ಮದುವೆ, ಅದೇ ಮೆರವಣಿಗೆ, ಅದೇ ಬೆಂಕಿ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲಕ್ಕೆ ಅಲ್ಲಿ ಕೋಣಬಲಿ ನಿಂತಿತು. ಕತೆ ನಿಂತಿಲ್ಲ. ಮೋಸ ಹೋದ ಹೆಣ್ಣಿನ ಉರಿ ನನಗೆ ತಿಳಿಯುತ್ತದೆ. ಆದರೆ ಅದರ ಬೆಲೆಯನ್ನು ಒಂದು ಕೇರಿಯ ಮೇಲೆ ತಲೆತಲಾಂತರ ಹೊರಿಸಿದ್ದು ಯಾವ ದೇವಿಯೂ ಅಲ್ಲ, ಕತೆಯನ್ನು ಆ ಕಡೆಗೆ ತಿರುಗಿಸಿದ ಮನುಷ್ಯರು. ಆ ಹುಡುಗ ಹುಟ್ಟನ್ನು ಮುಚ್ಚಿಡದೆ ಬಂದು ಹೆಣ್ಣು ಕೇಳಬಹುದಾಗಿತ್ತೇ ಎಂದು ಯಾರೂ ಕೇಳಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಮೂವರೂ ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಹೊರಟೆವು. ಅವ್ವನ ಹರಕೆ. ಕಲಘಟಗಿ ದಾಟಿ ಹಳಿಯಾಳದ ರಸ್ತೆ ಹಿಡಿಯುತ್ತಲೇ ಚಕ್ಕಡಿಗಳ ಸಾಲು ಸಿಕ್ಕಿತು. ಧಾರವಾಡ, ಬೆಳಗಾವಿ, ಹಾವೇರಿ ಕಡೆಯ ಬಂಡಿಗಳು. ಎತ್ತಿನ ಬೆನ್ನಿಗೆ ಕನ್ನಡಿ ಹೊಲಿದ ಜೂಲ, ಕೊರಳಿಗೆ ಗೆಜ್ಜೆಸರ, ಕೋಡಿಗೆ ಹಿತ್ತಾಳೆಯ ಕೋಡಣಸು. ಬಂಡಿಯೊಳಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿಯ ಗಂಟು, ಹುಲ್ಲಿನ ಹೊರೆ, ಹೊರೆಯ ಮೇಲೆ ನಿದ್ದೆಹೋದ ಮಕ್ಕಳು. ‘ಅಡಕೇಶ್ವರ ಮಡಕೇಶ್ವರ’ ಎಂದು ಒಂದು ಬಂಡಿ ಕೂಗಿದರೆ ಹಿಂದಿನ ಇಪ್ಪತ್ತು ಬಂಡಿ ದನಿ ಸೇರಿಸುತ್ತವೆ. ಹಳಿಯಾಳದ ಗದ್ದೆಬಯಲು ಮುಗಿದು ತೇಗದ ಕಾಡು ಶುರು. ಎಲೆ ಉದುರಿದ ಮರಗಳ ನಡುವೆ ಕೆಂಧೂಳು ತೇಲುತ್ತ ನಿಂತಿತ್ತು.

ದಾಂಡೇಲಿಯಲ್ಲಿ ಪೇಪರ್ ಮಿಲ್ಲಿನ ವಾಸನೆ ಮೊದಲು ಬರುತ್ತದೆ, ಊರು ಆಮೇಲೆ. ಕಾಳಿ ಸೇತುವೆಯ ಮೇಲೆ ನಿಂತಾಗ ಹುಡುಗಿ ನೀರನ್ನೇ ನೋಡುತ್ತಿದ್ದಳು. ಆ ಅನಿಮೆಯಲ್ಲಿ ಎನ್ಮಾ ಐ ಪಾಪಿಗಳನ್ನು ದೋಣಿಯಲ್ಲಿ ಕೂರಿಸಿ ಹೊಳೆ ದಾಟಿಸುತ್ತಾಳೆ. ಹುಟ್ಟು ಹಾಕುವವಳು ಅವಳೇ. ಅವಳ ಪೂರ್ವಕತೆಯನ್ನು ಹುಡುಗಿ ಅಲ್ಲೇ ಹೇಳಿದಳು. ನಾನೂರು ವರ್ಷದ ಹಿಂದೆ ಊರಿನ ಒಳಿತಿಗೆಂದು ಬಲಿ ಕೊಡಲು ಹಿರಿಯರು ಆ ಮಗುವನ್ನು ಆರಿಸಿದರು. ಜೊತೆಗೆ ಆಡಿ ಬೆಳೆದ, ಅವಳನ್ನು ಬಚ್ಚಿಟ್ಟು ಕಾಪಾಡಿದ ಸೆಂತಾರೊನ ಕೈಯಿಂದಲೇ ಅವಳ ಮೇಲೆ ಮಣ್ಣು ಹಾಕಿಸಿದರು. ಅವಳು ಮಣ್ಣಿನಿಂದ ಎದ್ದು ಬಂದು ಊರನ್ನೇ ಸುಟ್ಟಳು. ಅದಕ್ಕೆ ಶಿಕ್ಷೆಯೆಂದು, ಬೇರೆಯವರ ಸೇಡುಗಳನ್ನೆಲ್ಲ ಹೊತ್ತು ಈ ಹೊಳೆಯಲ್ಲಿ ಅಲೆಯುವ ಕೆಲಸ ಬಂತು.

ದಾಂಡೇಲಿಗೆ ಹೆಸರು ಕೊಟ್ಟನೆಂದು ಜನ ನಂಬುವ ದಾಂಡೇಲಪ್ಪನೂ ಹೀಗೆ ಜೀವ ಕಳೆದುಕೊಂಡವನೇ. ಮಿರಾಶಿ ಒಡೆಯರ ಆಳು, ನಿಷ್ಠೆಯ ಕಾರಣಕ್ಕೇ ಸತ್ತವನು ಎನ್ನುತ್ತದೆ ಐತಿಹ್ಯ. ಅವನು ಎದ್ದು ಬಂದು ಯಾರ ಮನೆಯನ್ನೂ ಸುಟ್ಟದ್ದನ್ನು ನಾನು ಕೇಳಿಲ್ಲ. ದೇವರಾಗಿ ಊರು ಕಾಯುತ್ತಿದ್ದಾನೆ. ಒಡೆಯರಿಗೆ ಅನುಕೂಲವಾದ ಕತೆ ಇದು ಎಂದು ಯಾರಾದರೂ ಅಂದರೆ ನಾನು ಜಗಳ ತೆಗೆಯುವುದಿಲ್ಲ.

ಪೊಟೋಲಿ, ಗುಂದ ದಾಟಿ ಉಳವಿ ಮುಟ್ಟಿದಾಗ ಸಂಜೆ. ಬೆಟ್ಟಗಳ ನಡುವೆ ಇಳಿದ ಬಟ್ಟಲಿನಂಥ ಜಾಗ, ಅದರ ತುಂಬ ಬಂಡಿ, ಒಲೆ, ಹೊಗೆ, ಗಂಟೆ. ಚನ್ನಬಸವಣ್ಣ ಇಲ್ಲಿಗೆ ಜಾತ್ರೆಗೆ ಬಂದವನಲ್ಲ, ಬೆನ್ನಟ್ಟಿದ ದಂಡಿನಿಂದ ಶರಣರನ್ನು ಉಳಿಸಿಕೊಂಡು ಬಂದವನು. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಮಾರಿಯ ಕತೆಯಲ್ಲಿ ಕದ್ದು ನಡೆದದ್ದು ಇಲ್ಲಿ ಎಲ್ಲರೆದುರು, ಯಾರಿಗೂ ಮೋಸವಿಲ್ಲದೆ ನಡೆಯಿತು. ಅದಕ್ಕೆ ಅರಸ ಬಿಜ್ಜಳ ಇಬ್ಬರು ತಂದೆಯರನ್ನೂ ಎಳೆಹೂಟೆ ಕಟ್ಟಿಸಿ ಕೊಲ್ಲಿಸಿದ. ಆ ಸೇಡಿಗೆ ಜಗದೇವ, ಬೊಮ್ಮಣ್ಣರು ಬಿಜ್ಜಳನನ್ನು ಇರಿದರು ಎಂಬುದು ಪುರಾಣಗಳು ಹೇಳುವ ಮಾತು. ಇರಿದದ್ದು ಒಂದು ಗಳಿಗೆ. ಆಮೇಲೆ ಕಾದರವಳ್ಳಿಯಲ್ಲಿ ಕಾಳಗ, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಗದ್ದುಗೆ, ವಚನದ ಕಟ್ಟುಗಳನ್ನು ಹೊತ್ತು ಕಾಡು ಸೇರಿದ ಜನ. ಹರಳಯ್ಯನ ಹೆಣ ನೋಡಿದವನು ಕತ್ತಿ ಎತ್ತಬಾರದಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಈ ದಾರಿಯುದ್ದಕ್ಕೂ ಇರುವ ಗದ್ದುಗೆಗಳು ಬಿಜ್ಜಳನವಲ್ಲ, ಶರಣರವು.

ಮರುದಿನ ನಸುಕಿನಲ್ಲಿ, ಜನ ಏಳುವ ಮೊದಲು, ಹರಳಯ್ಯನ ಚಿಲುಮೆಗೆ ನಡೆದೆವು. ಮಂಜು ಇನ್ನೂ ಕಾಡಿನಿಂದ ಎದ್ದಿರಲಿಲ್ಲ. ಅವ್ವ ಕುಕ್ಕುರುಗಾಲಲ್ಲಿ ಕುಳಿತು ಬೊಗಸೆ ತುಂಬಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಯಾರೂ ಕೇಳದೆಯೇ ಹೇಳಿದಳು.

“ನಿಮ್ಮ ಮುತ್ಯಾ ಸತ್ತ ವರ್ಷ ನಾ ಆ ಬದುವಿನ ಮ್ಯಾಲ ನಿಂತು ನೆಟಿಗಿ ಮುರದೆ. ಮಣ್ಣು ತೂರಿದೆ. ನಿನ್ನ ಮನಿ ಉರದು ಹೋಗ್ಲಿ ಅಂದೆ.”

ಇದು ನನಗೆ ಗೊತ್ತಿರಲಿಲ್ಲ.

“ಮುಂದಿನ ಬ್ಯಾಸಿಗ್ಯಾಗ ಅವನ ಬಣಿವಿಗೆ ಬೆಂಕಿ ಬಿತ್ತು. ಎಲ್ಲಿಂದ ಬಿತ್ತೋ ಯಾರಿಗೂ ತಿಳೀಲಿಲ್ಲ. ನಾ ಎಂಟು ದಿನ ನಿದ್ದಿ ಮಾಡ್ಲಿಲ್ಲ. ಅವನ ದನ ರಾತ್ರಿ ಹಸದು ಕೂಗತಿದ್ವು, ನಮ್ಮ ಮನಿತನಕ ಕೇಳತಿತ್ತು.”

“ಆಮ್ಯಾಲ ಆಯಿ?”

“ಆಮ್ಯಾಲೇನು. ನಮ್ಮ ಬಣಿವಿ ಹಿರದು ಒಂದು ಚಕ್ಕಡಿ ಹುಲ್ಲು ಕಳಸಿದೆ.”

ಹುಡುಗಿ ಬಾಟಲಿಗೆ ನೀರು ತುಂಬುವುದನ್ನು ನಿಲ್ಲಿಸಿದ್ದಳು. “ತಗೊಂಡ್ನೇನು?”

“ತಗೊಂಡ.”

“ಮತ್ತ ಬದು?”

“ಅದು ಅಲ್ಲೇ ಐತಿ” ಎಂದಳು ಅವ್ವ. ನನ್ನ ಭುಜ ಹಿಡಿದು ಎದ್ದು ನಿಂತು, ಇನ್ನೊಂದು ಬೊಗಸೆ ನೀರನ್ನು ನನ್ನ ಕೈಗೆ ಸುರಿದಳು.