ಕಿನ್ನಾಳದ ಚಿತ್ರಗಾರರೂ ನವಕಲೆಯ ಪ್ರದರ್ಶನಕಾರರೂ

ಕೈಚಳಕವೊಂದರಿಂದಲೇ ಯಾರಿಗೂ ಕಲಾವಿದನೆಂಬ ಪ್ರಸಿದ್ಧಿ ಬರುವುದಿಲ್ಲ. ಕೃತಿಯನ್ನು ಎಲ್ಲಿ, ಯಾವುದರ ಬಳಿಯಲ್ಲಿ, ಯಾರ ಹೆಸರಿನಿಂದ ಇರಿಸಿದರೆಂಬುದನ್ನೂ ಆ ಪ್ರಸಿದ್ಧಿಯು ಬಹುಮಟ್ಟಿಗೆ ಅವಲಂಬಿಸಿರುವುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಸೀಮೆಯನ್ನು ನೋಡಿದರೆ ಈ ಮಾತಿನ ನಿಜವು ತಿಳಿಯುತ್ತದೆ.

ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ದೇವತಾಮೂರ್ತಿಗಳನ್ನೂ ಬೊಂಬೆಗಳನ್ನೂ ಮಾಡುತ್ತ ಬಂದಿವೆ. ಇವರ ಪೂರ್ವಿಕರಿಗೆ ವಿಜಯನಗರದ ಅರಸರ ಆಶ್ರಯವಿತ್ತೆಂದು ಪ್ರತೀತಿಯುಂಟು. ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಜೋಡಿಸುವರು. ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಆ ಅಂಟು ಇವುಗಳನ್ನು ಕಲಸಿದ ‘ಕಿಟ್ಟ’ವನ್ನು ಮೈಗೆಲ್ಲ ಬಳಿದು, ಹತ್ತಿಬಟ್ಟೆಯ ತುಂಡುಗಳನ್ನು ಹಚ್ಚಿ, ಕಲ್ಲಿನ ಪುಡಿಯ ಲೇಪವನ್ನು ಕೊಟ್ಟ ಬಳಿಕವೇ ಬಣ್ಣವನ್ನಿಡುವರು. ಮೂರ್ತಿಯು ಗುಡಿ ಸೇರಿದ ಮೇಲೆ ಮಾಡಿದವನ ಹೆಸರು ಅದರೊಡನೆ ಹೋಗುವುದಿಲ್ಲ. ಈ ಕಸಬಿಗೆ ಭೌಗೋಳಿಕ ಸೂಚನೆಯ ನೋಂದಣಿಯು ದೊರೆತಿದೆ. ಆದರೆ ಆ ಕಾಯಿದೆಯು ಕಾಪಾಡುವುದು ಊರಿನ ಹೆಸರನ್ನೇ ಹೊರತು ಒಬ್ಬೊಬ್ಬ ಕುಶಲಿಯ ಹೆಸರನ್ನಲ್ಲ.

ನವಕಲಾವಿದನ ಮಾರ್ಗವು ಇದಕ್ಕೆ ವಿರುದ್ಧವಾದುದು. ಅಲ್ಲಿ ಹೆಸರೇ ಮೂಲಧನ. ಅದನ್ನು ಗಳಿಸಲು ಶಾಲೆಯೂ ಪ್ರದರ್ಶನಶಾಲೆಯೂ ಬೇಕು. ಡಿ. ವಿ. ಹಾಲಭಾವಿಯವರು ೧೯೩೫ರಲ್ಲಿ ಧಾರವಾಡದಲ್ಲಿ ಚಿತ್ರಕಲಾಶಾಲೆಯನ್ನು ತೆರೆದಾಗ ಆ ಊರು ಮುಂಬಯಿ ಪ್ರಾಂತದಲ್ಲಿತ್ತು. ಹನುಮಸಾಗರವನ್ನೊಳಗೊಂಡ ಕುಷ್ಟಗಿ ತಾಲ್ಲೂಕಾದರೋ ೧೯೫೬ರ ವರೆಗೆ ಹೈದರಾಬಾದಿಗೆ ಸೇರಿತ್ತು. ಆದುದರಿಂದ ಈ ಭಾಗದ ತರುಣನಿಗೆ ಕಲಾಶಿಕ್ಷಣವೆಂದರೆ ಗಡಿಯಾಚೆಯ ಮಾತಾಗಿತ್ತು. ಗಡಿಯು ಅಳಿದ ಮೇಲೂ ಪ್ರದರ್ಶನಕ್ಕಾಗಿ ಬೆಂಗಳೂರನ್ನು ನೋಡುವುದು ತಪ್ಪಲಿಲ್ಲ. ಅಲ್ಲಿ ೧೯೬೦ರಲ್ಲಿ ಚಿತ್ರಕಲಾ ಪರಿಷತ್ತು ಹುಟ್ಟಿತು. ಆ ದಶಕದಲ್ಲಿಯೇ ಆರ್. ಎಂ. ಹಡಪದರು ಕೆನ್ ಕಲಾಶಾಲೆಯನ್ನು ಸ್ಥಾಪಿಸಿದರು.

ಕೆನ್ ಶಾಲೆಯಲ್ಲಿ ಕಲಿತ, ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರ ಉದಾಹರಣೆಯು ಇಲ್ಲಿ ವಿಚಾರಾರ್ಹವಾಗಿದೆ. ಶಾಂತಿನಿಕೇತನದಲ್ಲಿಯೂ ಲಂಡನ್ನಿನಲ್ಲಿಯೂ ವ್ಯಾಸಂಗ ಮಾಡಿ ಬಂದ ಅವರು ೧೯೯೦ರ ದಶಕದಲ್ಲಿ ಸೆಗಣಿ, ದಾರ, ಕುಂಕುಮಗಳನ್ನು ಕಲೆಯ ಸಾಮಗ್ರಿಗಳನ್ನಾಗಿ ಮಾಡಿಕೊಂಡರು. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವ ಕೂದಲಿನ ಹಗ್ಗದಿಂದ ರಚಿಸಿದ ಅವರ ಕೃತಿಯು ೨೦೦೯ರಲ್ಲಿ ವೆನಿಸ್ ನಗರದ ಮಹಾಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಹುಣಿಸೆಬೀಜದ ಅಂಟಾಗಲಿ ಕೂದಲಿನ ಹಗ್ಗವಾಗಲಿ ಜನಜೀವನದಿಂದಲೇ ಬಂದ ವಸ್ತು. ಒಂದು ಕಸಬೆನಿಸಿಕೊಂಡು ಇನ್ನೊಂದು ನವಕಲೆಯೆನಿಸಿಕೊಳ್ಳುವುದಕ್ಕೆ ವಸ್ತುವು ಕಾರಣವಲ್ಲ. ಕರ್ತೃವಿನ ಉದ್ದೇಶವೂ ಅದನ್ನು ಎತ್ತಿ ತೋರಿಸುವ ಮಧ್ಯವರ್ತಿಯ ವಿವೇಚನೆಯೂ ಸೇರಿ ಈ ಭೇದವನ್ನುಂಟುಮಾಡುತ್ತವೆ.

ಆ ಮಧ್ಯವರ್ತಿಗೆ ‘ಕ್ಯುರೇಟರ್’ ಎಂದು ಹೆಸರು. ಪಾಲನೆಯೆಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಈ ಪದವು ಮೊದಲು ವಸ್ತುಸಂಗ್ರಹಾಲಯದ ಪಾಲಕನಿಗೆ ಸಲ್ಲುತ್ತಿತ್ತು. ೧೯೬೯ರಲ್ಲಿ ಹೆರಾಲ್ಡ್ ಜೀಮಾನನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಕಲಾಪ್ರದರ್ಶನಶಾಲೆಯ ಅಧಿಕಾರವನ್ನು ಬಿಟ್ಟು ಸ್ವತಂತ್ರವಾಗಿ ಪ್ರದರ್ಶನಗಳನ್ನು ಹೂಡತೊಡಗಿದ ಮೇಲೆ, ಕೃತಿಗಳನ್ನು ಆರಿಸಿ ಒಂದು ಅಭಿಪ್ರಾಯದ ಸೂತ್ರದಲ್ಲಿ ಪೋಣಿಸುವವನೆಂಬ ಅರ್ಥವು ಬಲಗೊಂಡಿತು. ಕನ್ನಡನಾಡಿನಲ್ಲಿ ಈ ಕಾರ್ಯವನ್ನು ಕಲಾವಿದರೇ ಅನೇಕ ವೇಳೆ ವಹಿಸಿಕೊಂಡಿದ್ದಾರೆ. ಸುರೇಶ್ ಜಯರಾಂ ಅವರು ೨೦೦೩ರಲ್ಲಿ ಬೆಂಗಳೂರಿನ ಶಾಂತಿರಸ್ತೆಯಲ್ಲಿ ತರುಣ ಕಲಾವಿದರಿಗೆ ನೆಲೆಯೊಂದನ್ನು ಕಲ್ಪಿಸಿದರು. ಮಂಗಳೂರಿನಲ್ಲಿ ಜನಿಸಿದ ಸುದರ್ಶನ ಶೆಟ್ಟರು ೨೦೧೬ರ ಕೊಚ್ಚಿ ಮಹಾಪ್ರದರ್ಶನವನ್ನು ಯೋಜಿಸಿದರು.

ಇಂಥ ಮಧ್ಯವರ್ತಿಯು ಆರಿಸುವಾಗ ಬಿಡುವುದೂ ಉಂಟು. ಬಿಟ್ಟುಹೋದವರಲ್ಲಿ ಪೇಟೆಗೆ ದೂರದವರೂ, ಸ್ವಕೃತಿಯನ್ನು ಪರಭಾಷೆಯಲ್ಲಿ ವಿವರಿಸಲಾರದವರೂ ಮೊದಲಿಗರಾಗುವರು. ಹನುಮಸಾಗರದಂಥ ಊರಿನಲ್ಲಿ ಇಂದು ಕುಂಚ ಹಿಡಿಯುವವರಿಗೆ ಇದೇ ನಿಜವಾದ ತೊಡಕು. ಪ್ರತಿಭೆಯನ್ನು ತೂಗುವ ಮೊದಲೇ ಅವರು ಎಣಿಕೆಯಿಂದ ಹೊರಗುಳಿಯಬಹುದು.

ಇದಕ್ಕೆ ಪರಿಹಾರದ ಮೊದಲ ಮೆಟ್ಟಿಲು ದೊಡ್ಡ ಕಟ್ಟಡವಲ್ಲ. ಕೃತಿಯೊಂದಿಗೆ ಮಾಡಿದವರ ಹೆಸರು, ಊರು, ಗುರುಪರಂಪರೆ, ಬಳಸಿದ ಸಾಮಗ್ರಿ, ವರ್ಷ ಇವನ್ನು ಕನ್ನಡದಲ್ಲಿ ಬರೆದಿಡುವ ಪದ್ಧತಿಯು ಬೇಕಾಗಿದೆ. ಶಾಸನವನ್ನು ಓದುವವರು ಬರೆದ ಲಿಪಿಕಾರನ ಹೆಸರನ್ನೂ ಕೆತ್ತಿದ ರೂವಾರಿಯ ಹೆಸರನ್ನೂ ಆದರದಿಂದ ಗುರುತಿಸಿಕೊಳ್ಳುತ್ತಾರೆ. ಅದೇ ಆದರವು ಕಿನ್ನಾಳದ ಚಿತ್ರಗಾರನಿಗೂ ಸಲ್ಲಬೇಕು. ಸಂದರೆ, ಕಸಬಿಗೂ ನವಕಲೆಗೂ ನಡುವೆ ಎಳೆದ ಗೆರೆಯನ್ನು ಮುಂದಿನ ಪ್ರದರ್ಶನಕಾರರು ಪುನಃ ಪರೀಕ್ಷಿಸಲು ಆಧಾರವು ದೊರೆಯುವುದು.